ಮೀನು ಮಗುಚಬಾರದ ಮನೆ

“ಏಳೇ ಏಳು ದಿನ ಸಾಕು ನನಗೆ! ಆ ಹುಡುಗನನ್ನ ಊಟದ ಮೇಜಿಗೆ ಹೇಗೆ ತಯಾರು ಮಾಡ್ತೀನಿ ನೋಡಿ. ಕನ್‌ಫ್ಯೂಷಿಯಸ್ಸೇ ಎದ್ದು ಬಂದು ಎದುರಿಗೆ ಕೂತ್ರೂ ಒಂದು ತಪ್ಪು ಹುಡುಕೋಕಾಗಬಾರದು!”

ಸೌಟು ಎತ್ತಿ ಹಿಡಿದು ಗುಯ್‌ಫೆನ್ ಮಾಡಿದ ಶಪಥವಿದು. ಸೌಟಿನಿಂದ ತೊಟ್ಟಿಕ್ಕಿದ ಸಾರು ಗಂಡ ಚೆಂಗ್‌ಹಾಯ್‌ನ ಬೋಳುತಲೆಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಹೆಂಡತಿ ಶಪಥ ಮಾಡುವಾಗ ಅಲುಗಾಡಬಾರದು ಎನ್ನುವಷ್ಟು ಬುದ್ಧಿ ಮೂವತ್ತು ವರ್ಷದ ಸಂಸಾರದಲ್ಲಿ ಬಂದಿತ್ತು.

ಆದದ್ದಿಷ್ಟು. ಮಗಳು ಮಾನ್‌ತಿಂಗ್ ಚಿಂಗ್‌ದಾವ್ ಪಟ್ಟಣದಲ್ಲಿ ಒಬ್ಬ ಫ್ರಾನ್ಸಿನ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹೆಸರು ಎರ್ವಾನ್, ಶಾಲೆ ಮೇಷ್ಟ್ರು. ಆರಡಿ ಮೂರಂಗುಲ ಎತ್ತರ, ತಲೆತುಂಬ ಗಜ್ಜರಿ ಬಣ್ಣದ ಕೂದಲು, ಬಾಯಲ್ಲಿ ಸೊಗಸಾದ ಚೀನೀ ಮಾತು. ಹುಡುಗ ಚಿನ್ನದಂಥವನೇ. ಆದರೆ ಚಿನ್ನವನ್ನು ಒರೆಗೆ ಹಚ್ಚುವವನು ಗುಯ್‌ಫೆನ್‌ಳ ಮಾವ, ಮುದುಕ ಬೀ! ಐವತ್ತು ವರ್ಷ ಮೀನುದೋಣಿ ನಡೆಸಿದ ಆಸಾಮಿ. “ಉಪ್ಪುನೀರು ಕುಡಿಯದವನಿಗೆ ಮೊಮ್ಮಗಳನ್ನ ಕೊಡೋದಾ?” ಎಂದು ಒಮ್ಮೆ ಗುಡುಗಿ, ಮೊಮ್ಮಗಳು ಏನು ಹೇಳಹೋದರೂ ಕಿವಿಗೊಡದೆ ಎದ್ದು ಹೋಗಿದ್ದ. ಕೊನೆಗೆ ಮೊಮ್ಮಗಳ ಕಣ್ಣೀರು ನೋಡಲಾಗದೆ, “ಹೊಸ ದೋಣಿ ನೀರಿಗಿಳಿಯೋ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಬರಲಿ. ಆಮೇಲೆ ನೋಡೋಣ” ಅಂದ.

ಆ ಮನೆಯಲ್ಲಿ ಒಪ್ಪಿಗೆ ಬಾಯಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಇಡೀ ಮೀನು ಬೇಯಿಸಿ ಮೇಜಿನ ಮೇಲಿಟ್ಟಾಗ ಹಿರಿಯ ತನ್ನ ಊಟದ ಕಡ್ಡಿಯಿಂದ ಅದರ ಕೆನ್ನೆಯ ತುಣುಕು ಕಿತ್ತು ಹುಡುಗನ ಬಟ್ಟಲಿಗೆ ಹಾಕಿದರೆ ಮದುವೆ. ಹಾಕದಿದ್ದರೆ ಚಹಾ ಕುಡಿದು ಬಸ್ಸು ಹತ್ತಬೇಕು. ಚೆಂಗ್‌ಹಾಯ್‌ನ ತಂಗಿ ಫೆಂಗ್‌ಯಿಂಗ್ ಇದೇ ಮಾನ್‌ತಿಂಗ್‌ಗೆಂದು ಮೂವರು ಹುಡುಗರನ್ನು ತಂದು ಕೂರಿಸಿದ್ದಳು. ಮೂವರೂ ಚಹಾ ಕುಡಿದೇ ಹೋಗಿದ್ದರು. ಹಾಗಾಗಿ ಅವಳ ನಾಲಿಗೆಗೆ ಈಗ ತುರಿಕೆ.

“ಅತ್ತಿಗೆ, ನಿಮ್ಮ ಅಳಿಯ ಅನ್ನದಲ್ಲಿ ಕಡ್ಡಿ ನೆಟ್ಟು ಕೂರ್ತಾನೆ ನೋಡ್ತಿರಿ, ಹೆಣದ ಮುಂದೆ ಊದುಬತ್ತಿ ನೆಟ್ಟ ಹಾಗೆ! ಅಪ್ಪ ಅಲ್ಲೇ ಮೇಜು ಎತ್ತಿಹಾಕ್ತಾರೆ!”

ಈ ಮಾತಿನ ಮೇಲೇ ಸೌಟು ಎದ್ದದ್ದು.

ಎರ್ವಾನ್‌ಗೆ ಶಾಲೆಯ ರಜೆ. ಬಂದಿಳಿದ ಮರುಗಳಿಗೆಯೇ ಮೇಷ್ಟ್ರು ವಿದ್ಯಾರ್ಥಿಯಾದ! ಮುದುಕ ಬೀ ಹೊಸ ದೋಣಿಗೆ ಬಣ್ಣ ಬಳಿಸುತ್ತ ಬಂದರಿನಲ್ಲೇ ಬೀಡುಬಿಟ್ಟಿದ್ದರಿಂದ ಮನೆ ಖಾಲಿ. ಅಡುಗೆಮನೆಯೇ ಪಾಠಶಾಲೆ, ಚೆಂಗ್‌ಹಾಯ್‌ಗೆ ಮುದುಕನ ಪಾತ್ರ. ಪಾಪ, ಏಳು ದಿನವೂ ಹುಬ್ಬು ಗಂಟಿಕ್ಕಿಕೊಂಡು ಕೂತು ಅವನ ಹಣೆಯೇ ಹಿಡಿದುಕೊಂಡಿತು.

“ಚಹಾ ಬಗ್ಗಿಸಿದಾಗ?”

“ಎರಡು ಬೆರಳಲ್ಲಿ ಮೇಜು ತಟ್ಟಬೇಕು, ಅತ್ತೆ.”

“ದೊಡ್ಡ ಕುರ್ಚಿಗೆ ಕರೆದಾಗ?”

“ಮೂರು ಸಲ ಬೇಡ ಅನ್ನಬೇಕು. ನಾಲ್ಕನೇ ಸಲ ನಾಚಿಕೊಂಡು ಕೂರಬೇಕು.”

“ಹಾಂ! ಲೋಟ ತಾಗಿಸುವಾಗ?”

“ನನ್ನ ಲೋಟದ ಅಂಚು ತಾತನ ಲೋಟಕ್ಕಿಂತ ಕೆಳಗಿರಬೇಕು.”

ಬಟ್ಟಲು ಖಾಲಿ ಮಾಡುವ ವಿಷಯದಲ್ಲಿ ಮಾತ್ರ ಹುಡುಗ ಪದೇಪದೇ ಜಾರಿದ. ಅವರ ಕಡೆ ಉಳಿಸಿದರೆ ಅಡುಗೆ ಮಾಡಿದವಳಿಗೆ ಅವಮಾನ. ಇವರ ಕಡೆ ಖಾಲಿ ಮಾಡಿದರೆ ಬಡಿಸಿದವಳಿಗೆ ಅವಮಾನ! ಅವನು ಮರ್ಯಾದೆಗೆ ಖಾಲಿ ಮಾಡುವುದು, ಇವಳು ಮರ್ಯಾದೆಗೆ ತುಂಬುವುದು. ಮೊದಲ ದಿನ ಒಂಬತ್ತು ಬಟ್ಟಲು ತಿಂದು ಹುಡುಗ ಗೋಡೆ ಹಿಡಿದುಕೊಂಡು ಎದ್ದ. ಕೊನೆಯ ಬಟ್ಟಲಿನ ಸಾರನ್ನೂ ಹಬೆರೊಟ್ಟಿಯ ಚೂರಿನಿಂದ ಒರೆಸಿ ಬಾಯಿಗಿಡಲು ಹೋದಾಗ ಗುಯ್‌ಫೆನ್ ಕೈಮೇಲೆ ಪಟ್ ಎಂದು ಕೊಟ್ಟಳು.

“ನಮ್ಮ ಮನೇಲಿ ಅಜ್ಜಿ ರೊಟ್ಟಿಯನ್ನ…” ಎಂದು ಹುಡುಗ ಏನೋ ಹೇಳಲು ಬಾಯಿ ತೆರೆದ.

“ನಿಮ್ಮಜ್ಜಿ ಕಥೆ ಆಮೇಲೆ. ಮೊದಲು ಕಡ್ಡಿ ಸರಿಯಾಗಿ ಹಿಡಿ!”

“ಅಮ್ಮಾ, ಅವನು ಹೇಳೋದನ್ನ ಸ್ವಲ್ಪ ಕೇಳು. ಅವರ ಊರು…” ಎಂದಳು ಮಾನ್‌ತಿಂಗ್.

“ಅವರ ಊರು ಪರೀಕ್ಷೆಗೆ ಬರಲ್ಲ! ನೀನು ಹೋಗಿ ಬೆಳ್ಳುಳ್ಳಿ ಸುಲಿ!”

ಎಲ್ಲಕ್ಕಿಂತ ದೊಡ್ಡ ಪಾಠ ಮೀನಿನದು. ಸಮುದ್ರದವರ ಮೇಜಿನ ಮೇಲೆ ಮೀನೆಂದರೆ ದೋಣಿ. ಮೇಲಿನ ಪಕ್ಕ ತಿಂದಾಯಿತೋ, ಮುಳ್ಳಿನ ಗೂಡು ಎತ್ತಿ ಪಕ್ಕಕ್ಕಿಟ್ಟು ಅಡಿಯ ಪಕ್ಕ ತಿನ್ನಬೇಕು. ಪ್ರಾಣ ಹೋದರೂ ಮೀನು ಮಗುಚಬಾರದು! ಮಗುಚಿದರೆ ದೋಣಿ ಮಗುಚಿದಂತೆ. ಅದರಲ್ಲೂ ಹೊಸ ದೋಣಿ ನೀರಿಗಿಳಿಯುವ ಹಿಂದಿನ ದಿನ! ಬಟ್ಟೆಯ ಮೀನೊಂದನ್ನು ಹೊಲಿದು ಗುಯ್‌ಫೆನ್ ಅಭ್ಯಾಸ ಮಾಡಿಸಿದಳು. “ಮೀನು ಮಗುಚಬಾರದು” ಎಂದು ನೂರು ಸಲ ಬರೆಸಿದಳು. ಹುಡುಗ ನಿದ್ದೆಯಲ್ಲೂ ಅದನ್ನೇ ಗೊಣಗುತ್ತಾನೆಂದು ಪಕ್ಕದ ಚಾಪೆಯ ಚೆಂಗ್‌ಹಾಯ್ ವರದಿ ಒಪ್ಪಿಸಿದಾಗ ಅವಳ ಎದೆ ಮೂರು ಗೇಣು ಉಬ್ಬಿತು.

ಇಲ್ಲಿ ಒಂದು ಮಾತು ಹೇಳಬೇಕು. ಈ ಮಹಾಗುರು ಹುಟ್ಟಿದ್ದು ಸಮುದ್ರದ ಮಗ್ಗುಲಲ್ಲಲ್ಲ. ರೈಲಿನಲ್ಲಿ ಒಂದು ಹಗಲಿನ ದಾರಿ, ಒಳನಾಡಿನ ಗೋಧಿ ಹೊಲದ ನಡುವೆ. ಮದುವೆಗೆ ಮುಂಚೆ ಅವಳು ಕಂಡ ಅತಿ ದೊಡ್ಡ ನೀರು ಎಮ್ಮೆ ಮೀಯುವ ಹೊಂಡ. ಮೂವತ್ತು ವರ್ಷದ ಹಿಂದೆ ಅತ್ತೆ ಅವಳಿಗೆ ಇವೇ ಪಾಠಗಳನ್ನು ಕಲಿಸಿದ್ದರು, ಇದೇ ಬಟ್ಟೆ ಮೀನಿನ ವಿದ್ಯೆಯಿಂದ! ಅದನ್ನು ಅವಳು ಮಗಳಿಗಾಗಲಿ ಹುಡುಗನಿಗಾಗಲಿ ಹೇಳಿರಲಿಲ್ಲ.

ಆ ದಿನ ಬಂತು. ಕಿಟಕಿಯ ಆಚೆ ಬಂದರಿನಲ್ಲಿ ಹೊಸ ದೋಣಿ ಕೆಂಪು ಪತಾಕೆ ಕಟ್ಟಿಕೊಂಡು ಮದುಮಗನಂತೆ ನಿಂತಿತ್ತು. ಒಳಗೆ ಹನ್ನೆರಡು ಬಗೆಯ ಅಡುಗೆ.

“ಬಾ, ದೊಡ್ಡ ಕುರ್ಚಿಯಲ್ಲಿ ಕೂತ್ಕೋ” ಎಂದ ಮುದುಕ ಬೀ.

“ಅಯ್ಯೋ, ನಾನೆಲ್ಲಿ, ಆ ಕುರ್ಚಿಯೆಲ್ಲಿ ತಾತ!”

ಒಂದು, ಎರಡು, ಮೂರು. ನಾಲ್ಕನೆಯ ಸಲಕ್ಕೆ ಕಿವಿ ಕೆಂಪಗೆ ಮಾಡಿಕೊಂಡು ಕೂತ! ಗುಯ್‌ಫೆನ್ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬೆರಳು ಮಡಚಿ ಎಣಿಸುತ್ತಿದ್ದಳು. ಚಹಾ ಬಂತು, ಎರಡು ಬೆರಳು ಟಕಟಕ! ಜೋಳದ ಸಾರಾಯಿ ಬಂತು. ಹುಡುಗ ಲೋಟ ತಗ್ಗಿಸಿದ. ಮುದುಕ ಕಣ್ಣು ಕಿರಿದು ಮಾಡಿ ತಾನೂ ತಗ್ಗಿಸಿದ, ಅತಿಥಿಯಲ್ಲವೇ! ಹುಡುಗ ಇನ್ನೂ ತಗ್ಗಿಸಿದ. ಮುದುಕ ಮತ್ತೂ ತಗ್ಗಿಸಿದ. ಇಬ್ಬರೂ ಬಗ್ಗಿ ಬಗ್ಗಿ ಮೇಜಿನಡಿ ಮಾಯವಾದರು. ಟಣ್ ಎಂಬ ಸದ್ದು ನೆಲದ ಹತ್ತಿರದಿಂದ ಕೇಳಿತು. ಮೇಲೆದ್ದಾಗ ಮುದುಕನ ಟೋಪಿ ಓರೆಯಾಗಿತ್ತು, ತುಟಿಯಂಚಿನಲ್ಲಿ ನಗುವಿತ್ತು.

“ಯಾರೋ ಹುಡುಗನನ್ನ ಚೆನ್ನಾಗಿ ತಿದ್ದಿದ್ದಾರೆ” ಎಂದ.

ಗುಯ್‌ಫೆನ್ ನಾದಿನಿಯ ಕಡೆ ನೋಡಿದಳು. ಫೆಂಗ್‌ಯಿಂಗ್ ಶೇಂಗಾ ಅಗಿಯುವುದನ್ನು ನಿಲ್ಲಿಸಿದ್ದಳು!

ಕೊನೆಗೆ ಮೀನು ಬಂತು, ಅದನ್ನಿಟ್ಟು ಗುಯ್‌ಫೆನ್ ಕೂಡ ನಾದಿನಿಯ ಪಕ್ಕ ಕೂತಳು. ಮೊಣಕೈಯುದ್ದದ ಕೆಂಪು ಮೀನು, ತಲೆ ನೇರವಾಗಿ ಎರ್ವಾನ್‌ನ ಕಡೆಗೆ. ಅವನ ಬೆನ್ನ ಹಿಂದೆ ಕಿಟಕಿ, ಕಿಟಕಿಯ ಹಿಂದೆ ಸಮುದ್ರ. ಎಲ್ಲರೂ ಮೇಲಿನ ಪಕ್ಕ ತಿಂದರು. ಹುಡುಗ ಬಟ್ಟಲಲ್ಲಿ ಸರಿಯಾಗಿ ಎರಡು ತುತ್ತು ಉಳಿಸಿದ. ಆಗ ಮುದುಕ ಬೀ ಕಡ್ಡಿ ಎತ್ತಿದ. ಮೀನಿನ ಕೆನ್ನೆಯ ಬಳಿ ತಂದ. ತುಣುಕನ್ನು ಕಿತ್ತ. ಅದು ಗಾಳಿಯಲ್ಲಿ ಹುಡುಗನ ಬಟ್ಟಲಿನ ಕಡೆ ಹೊರಟಿತು.

ಗುಯ್‌ಫೆನ್‌ಗೆ ತಡೆಯಲಾಗಲಿಲ್ಲ! ಏಳು ದಿನದ ಗೆಲುವು ಗಂಟಲಿಗೇ ಬಂತು.

“ನೋಡಿದ್ಯಾ ಫೆಂಗ್‌ಯಿಂಗ್? ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದ್ಯಲ್ಲ, ಸಿಕ್ತಾ ಒಂದು ತಪ್ಪು? ಒಂದೇ ಒಂದು? ಬಾ, ಬೇಜಾರು ಮಾಡ್ಕೋಬೇಡ, ನಿನಗೂ ಒಂದು ತುಂಡು ಹಾಕ್ತೀನಿ…”

ಬಾಯಿ ನಾದಿನಿಯ ಮೇಲೆ, ಕಣ್ಣು ಮುದುಕನ ಕಡ್ಡಿಯ ಮೇಲೆ. ಕೈಯನ್ನು ನೋಡುವವರೇ ಇರಲಿಲ್ಲ. ಆ ಕೈಯಾದರೂ ಎಂಥ ಕೈ? ಚಿಕ್ಕಂದಿನಿಂದ ಹೆಂಚಿನ ಮೇಲೆ ಗೋಧಿರೊಟ್ಟಿ ಮಗುಚಿದ ಕೈ! ಖಾಲಿಯಾದ ಪಕ್ಕ ಕಂಡದ್ದೇ ತಡ, ಮೀನಿನ ಕೆಳಗೆ ಕಡ್ಡಿ ತೂರಿಸಿ, ಬಾಲದಿಂದ ತಲೆಗೆ ಒಂದೇ ಬೀಸು!

ಧೊಪ್.

ಮೀನು ಮಗುಚಿ ಬಿತ್ತು.

ಮುದುಕನ ಕಡ್ಡಿ ಅರ್ಧ ದಾರಿಯಲ್ಲೇ ನಿಂತಿತು, ಕೆನ್ನೆಯ ತುಣುಕು ತುದಿಯಲ್ಲಿ ತೂಗಾಡುತ್ತ. ಅವನ ಮುಖ ಸುಣ್ಣವಾಗಿತ್ತು. ಚೆಂಗ್‌ಹಾಯ್ ಈ ಸಲ ನಿಜವಾಗಿಯೇ ಹುಬ್ಬು ಗಂಟಿಕ್ಕಿದ. ಫೆಂಗ್‌ಯಿಂಗ್‌ಗೆ ಕೂಡ ನಗಲು ಧೈರ್ಯವಿಲ್ಲ. ಬೆಳಗಾದರೆ ಅವಳ ಮಗನೂ ಅದೇ ದೋಣಿ ಹತ್ತಬೇಕು!

ಗುಯ್‌ಫೆನ್ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. “ಮಾವಯ್ಯಾ… ಇದು… ರೊಟ್ಟಿ…” ಎಂದು ತೊದಲಿದಳು.

ಮುದುಕನ ಕಡ್ಡಿ ಮೆಲ್ಲಗೆ ಹಿಂದೆ ಸರಿಯತೊಡಗಿತು. ಕೆನ್ನೆ ವಾಪಸ್ಸು ಹೊರಟಿತು! ಮದುವೆ ವಾಪಸ್ಸು ಹೊರಟಿತು!

ಆಗ ಎರ್ವಾನ್ ಎದ್ದು ನಿಂತ. ಎರಡೂ ಕೈ ಜೋಡಿಸಿದ.

“ತಾತ, ಒಂದು ನಿಮಿಷ. ಮೀನಿನ ತಲೆ ಎಲ್ಲಿದೆ ನೋಡಿ.”

ಎಲ್ಲರೂ ನೋಡಿದರು. ಬಾಲದಿಂದ ಎತ್ತಿ ಹಾಕಿದ ಮೀನಿನ ತಲೆ ದಿಕ್ಕು ಬದಲಿಸಿತ್ತು.

“ಇಷ್ಟು ಹೊತ್ತು ತಲೆ ಸಮುದ್ರದ ಕಡೆ ಇತ್ತು, ದೋಣಿ ಹೋಗ್ತಾ ಇತ್ತು. ಈಗ ತಲೆ ಮನೆ ಕಡೆ ಇದೆ. ಹೊಟ್ಟೆ ನೋಡಿ, ಈ ಪಕ್ಕ ತುಂಬಿದೆ. ಖಾಲಿ ಹೋದ ದೋಣಿ ತುಂಬ್ಕೊಂಡು ವಾಪಸ್ಸು ಬಂದಿದೆ, ತಾತ. ಅತ್ತೆ ಮಗುಚಲಿಲ್ಲ. ಮನೆಗೆ ಕರ್ಕೊಂಡು ಬಂದ್ರು.”

ಮುದುಕ ಮೀನನ್ನು ನೋಡಿದ. ಹುಡುಗನನ್ನು ನೋಡಿದ.

“ಈ ಮಾತು ನಿನಗೆ ಯಾರು ಹೇಳಿಕೊಟ್ಟದ್ದು? ಇವಳಾ?”

“ಇಲ್ಲ ತಾತ. ನಮ್ಮೂರಲ್ಲಿ ರೊಟ್ಟಿ ಬೋರಲು ಹಾಕಿದ್ರೆ ದೋಣಿ ಮಗುಚುತ್ತೆ ಅಂತ ಹೀಗೇ ಎಲ್ಲರ ಜೀವ ಬಾಯಿಗೆ ಬರುತ್ತೆ. ನಮ್ಮಜ್ಜ ದೋಣಿ ಮೇಲಿದ್ದಾಗ ನಾನೊಂದ್ಸಲ ರೊಟ್ಟಿ ಬೋರಲು ಇಟ್ಟಿದ್ದೆ. ಅಜ್ಜಿ ಕೊಟ್ಟ ಏಟಿನ ಗುರುತು ಇನ್ನೂ ಇದೆ. ಅಪ್ಪನೂ ದೋಣಿಯವರೇ. ನಾನೂ ಹದಿನೆಂಟರ ತನಕ ಬಲೆ ಎಳೆದಿದ್ದೀನಿ.”

“ನೀನು ಸಮುದ್ರದವನಾ!” ಮುದುಕ ಮೇಜು ಗುದ್ದಿದ ರಭಸಕ್ಕೆ ಹನ್ನೆರಡು ಬಗೆಯೂ ಒಮ್ಮೆ ನೆಗೆದು ಕೂತವು. “ಮೊದಲೇ ಯಾಕೋ ಹೇಳಲಿಲ್ಲ?”

“ಹೇಳೋಕೆ ಬಂದೆ ತಾತ. ಅದು ಪರೀಕ್ಷೆಗೆ ಬರಲ್ಲ ಅಂದ್ರು ಅತ್ತೆ.”

ಕೆನ್ನೆಯ ತುಣುಕು ಒಂದೇ ಜಿಗಿತಕ್ಕೆ ಹುಡುಗನ ಬಟ್ಟಲಿನಲ್ಲಿತ್ತು! ಹಿಂದೆಯೇ ಇನ್ನೊಂದು ಕೆನ್ನೆ! ಎರಡು ಕೆನ್ನೆ ಕೊಟ್ಟದ್ದು ಆ ಮನೆಯ ಚರಿತ್ರೆಯಲ್ಲೇ ಇರಲಿಲ್ಲ. ಮಾನ್‌ತಿಂಗ್ ಅಳುತ್ತ ನಕ್ಕಳು. ಹುಡುಗ ಸಂತೋಷದಲ್ಲಿ ಪಾಠವೆಲ್ಲ ಮರೆತು ಬಟ್ಟಲು ಖಾಲಿ ಮಾಡಿ, ಹಬೆರೊಟ್ಟಿಯಿಂದ ಒರೆಸಿ ತಿಂದ. ಮುದುಕನೂ ಅವನನ್ನು ನೋಡಿ ತನ್ನ ಬಟ್ಟಲು ಒರೆಸಿದ!

“ಚೆಂಗ್‌ಹಾಯ್, ಸಮುದ್ರದವನಿಗೆ ಪಾಠ ಹೇಳೋಕೆ ಗೋಧಿ ಹೊಲದವಳನ್ನ ಕೂರಿಸಿದ್ದೀಯಲ್ಲೋ! ಈ ಮೇಜಿನ ಸುತ್ತ ಪರದೇಶದವರು ಒಬ್ಬರೇ. ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ.”

“ಅತ್ತಿಗೆ, ಒಂದು ತಪ್ಪು ಸಿಕ್ತಾ ಅಂತ ಕೇಳಿದ್ರಲ್ಲ” ಎಂದು ಫೆಂಗ್‌ಯಿಂಗ್ ಮತ್ತೆ ಶೇಂಗಾ ಅಗಿಯತೊಡಗಿದಳು.

ಗುಯ್‌ಫೆನ್ ಶೇಂಗಾ ತಟ್ಟೆಯನ್ನೇ ಅವಳ ಮುಂದಿನಿಂದ ಎತ್ತಿಕೊಂಡು ಹೋದಳು. ಆದರೂ ಗೆದ್ದವಳು ತಾನೇ ಅಲ್ಲವೇ? ಅಳಿಯ ಪಾಸಾದ! ಮರುದಿನ ಬೆಳಿಗ್ಗೆ ಪಟಾಕಿಯ ಹೊಗೆಯ ನಡುವೆ ದೋಣಿ ಹೊರಟಾಗ, ಮುದುಕನ ಪಕ್ಕ ಗಜ್ಜರಿ ತಲೆಯೊಂದು ಹಗ್ಗ ಸುತ್ತುತ್ತಿತ್ತು. ದಡದಲ್ಲಿ ನಿಂತು ಅವಳು ಸಿಕ್ಕಸಿಕ್ಕವರಿಗೆಲ್ಲ, “ನನ್ನ ಅಳಿಯ, ನಾನೇ ತಯಾರು ಮಾಡಿದ್ದು!” ಎಂದು ಸಾರಿದಳು.

ನಾಲ್ಕನೆಯ ದಿನ ದೋಣಿ ಅಂಚಿನವರೆಗೆ ತುಂಬಿಕೊಂಡು ಬಂತು. ಸುದ್ದಿ ತಿಳಿದದ್ದೇ ಗುಯ್‌ಫೆನ್ ಅತಿ ದೊಡ್ಡ ತಟ್ಟೆ ತೊಳೆದಿಟ್ಟು ಬಾಗಿಲಲ್ಲಿ ಕಾದಳು. ಹಿಡಿದದ್ದರಲ್ಲೆಲ್ಲ ದೊಡ್ಡ ಮೀನು ಮನೆಗೆ ಬರುವುದು ವಾಡಿಕೆ. ಎರ್ವಾನ್ ಬಕೆಟ್ ಹಿಡಿದು ಬಂದು, ಕಲಿಸಿದಂತೆಯೇ ಎರಡೂ ಕೈಯಿಂದ ನೀಡಿದ.

ಗುಯ್‌ಫೆನ್ ಮುಚ್ಚಳ ತೆಗೆದಳು. ದೊಡ್ಡ ಮೀನೇ. ಆದರೆ ಹೆಬ್ಬೆರಳಿನ ಗಾತ್ರದ ತುಂಡು ತುಂಡು!

“ತಾತ ದೋಣಿಯಲ್ಲೇ ಕೂತು ತಾವೇ ಕತ್ತರಿಸಿದ್ರು, ಅತ್ತೆ” ಎಂದ ಹುಡುಗ ತಲೆ ತಗ್ಗಿಸಿ. “ಇನ್ಮೇಲೆ ನಿಮಗೆ ಹೀಗೇ ಕಳಿಸ್ತಾರಂತೆ.”