ಕಮರಾಕ್ಷಿ ಹಣ್ಣು ಮತ್ತು ಕೀಲಿಯಿಲ್ಲದ ಪತ್ರಿಕೆ

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಇದ್ದದ್ದನ್ನು ತುಸು ಕಡಿಮೆ ಮಾಡಿ ಹೇಳುವ ಚಟ ಮಾತ್ರ ಚಿಕ್ಕಂದಿನಿಂದಲೂ ಇದೆ. ಊರ ಶಾಲೆಯಲ್ಲಿ ಮಾಸ್ತರರು ಕೇಳಿದರೆ, ನಾಲ್ಕು ಲೆಕ್ಕ ಬಿಟ್ಟವಳು ಮೂರು ಎನ್ನುತ್ತಿದ್ದೆ. ಮದುವೆಯಾಗಿ ಪುಣೆ ಹತ್ತಿರದ ನಿಗಡಿಗೆ ಬಂದ ಮೇಲೂ ಅದು ಹೋಗಲಿಲ್ಲ. ಎರಡು ಕಪ್ಪು ಒಡೆದವು ಎಂದು ನಾನು ಹೇಳಿದರೆ ನಿಮ್ಮ ಅಜ್ಜ ಮೂರನೆಯದರ ಚೂರು ಹುಡುಕಲು ಬಾಗುತ್ತಿದ್ದರು. ಸಿಕ್ಕೇ ಸಿಗುತ್ತಿತ್ತು. ಅವರು ಹೋದ ಮೇಲೆ ಬಾಗಿ ಹುಡುಕುವವರು ಯಾರೂ ಇರಲಿಲ್ಲ. ನನ್ನ ಚಟ ಹೇಳುವವರು ಕೇಳುವವರಿಲ್ಲದೆ ಬೆಳೆಯಿತು.

ನಮ್ಮ ಓಣಿಯ ಕನ್ನಡ ಹೆಂಗಸರದು ಒಂದು ಭಜನಾ ಮಂಡಳಿ ಇತ್ತು. ಅದಕ್ಕೆ ಹಿರಿಯಳು ಗಂಗಕ್ಕ. ನನಗೆ ಹಾಡಲು ನಾಚಿಕೆ, ನಾಲ್ಕು ಜನರೆದುರು ಕೆಮ್ಮಲೂ ನಾಚಿಕೆ. ಆದರೂ ಮಂಡಳಿಯಲ್ಲಿ ನನಗೊಂದು ಸ್ಥಾನವಿತ್ತು. ಏಕಾದಶಿ ದಿನ ನೀರನ್ನೂ ಮುಟ್ಟದೆ ಇರುವವಳು ನಾನೊಬ್ಬಳೇ. "ಈಕೀನ್ನ ನೋಡಿ ಕಲೀರಿ. ನೀವು ಶಾಬೂದಾಣಿ ಖಿಚಡಿ ತಿಂದು ತೇಗತೀರಿ, ಈಕಿ ಹನಿ ನೀರು ಮುಟ್ಟಂಗಿಲ್ಲ" ಎಂದು ಗಂಗಕ್ಕ ಎಲ್ಲರೆದುರು ಹೇಳುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನು ಅವರೆಲ್ಲ ವಿನಯ ಎಂದುಕೊಂಡಿದ್ದರು.

ಆ ವರ್ಷ ಕಾರ್ತಿಕ ಏಕಾದಶಿಯ ಮಧ್ಯಾಹ್ನ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಅಡುಗೆಮನೆಯಲ್ಲಿ ಗಂಗಕ್ಕನ ಅಂಗಳದ ಗಿಡದಿಂದ ಉಪ್ಪಿನಕಾಯಿಗೆಂದು ತಂದ ಕಮರಾಕ್ಷಿ ಹಣ್ಣು ಬುಟ್ಟಿ ತುಂಬ ಇದ್ದವು. ಐದು ಏಣಿನ, ಹಳದಿ ಬಣ್ಣದ, ನೋಡಿದರೇ ಬಾಯಲ್ಲಿ ನೀರೂರುವ ಹುಳಿ ಹಣ್ಣು. ಹಣ್ಣಿನ ರಸ ಫಲಾಹಾರ, ಅದು ನೀರಲ್ಲ ಎಂದು ನನ್ನ ಪರವಾಗಿ ನಾನೇ ತೀರ್ಪು ಕೊಟ್ಟುಕೊಂಡು, ಅರೆದು, ಸೋಸಿ, ಬೆಲ್ಲ ಹಾಕಿ ಕುಡಿದೆ. ಸಂಜೆಯ ಭಜನೆಯಲ್ಲಿ ಬಿಕ್ಕಳಿಕೆ ಶುರುವಾಯಿತು. ತಾಳಕ್ಕೆ ಸರಿಯಾಗಿ ಬರುತ್ತಿದ್ದುದರಿಂದ ಮೊದಲು ಯಾರಿಗೂ ಗೊತ್ತಾಗಲಿಲ್ಲ. ಮರುದಿನ ವಾಂತಿ. ಅದರ ಮರುದಿನ ಮೂತ್ರವೇ ನಿಂತಿತು. ಕಿಡ್ನಿ ಎಂಬುದು ನನಗೂ ಇದೆ ಎಂದು ತಿಳಿದದ್ದು ಆಗ.

ದವಾಖಾನೆಯ ಡಾಕ್ಟರ್ ಬಾಯಿ ಬಿಜಾಪುರದ ಕಡೆಯವರು. ಯಂತ್ರಕ್ಕೆ ಹಾಕಿ ಎರಡು ಸಲ ರಕ್ತ ತೊಳೆದರು. ಏನು ತಿಂದಿರಿ, ಏನು ಕುಡಿದಿರಿ ಎಂದು ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಬಾಯಿ ಬಿಟ್ಟೆ. ಮರಾಠಿಯಲ್ಲಿ ಕೇಳಿದ್ದರೆ ಬಚಾವಾಗುತ್ತಿದ್ದೆನೇನೋ. ಕಿಡ್ನಿಗಳು ತಿರುಗಿ ಕೆಲಸಕ್ಕೆ ಹತ್ತಿದವು. ಮನೆಗೆ ಹೊರಡುವ ದಿನ ಅವರು ಒಂದು ಕಾಗದ ಮುಂದಿಟ್ಟು, "ನಿಮ್ಮ ಕಾಯಿಲೆ ಬಗ್ಗೆ ಡಾಕ್ಟರರ ಪತ್ರಿಕಾದಾಗ ಬರೀತೀನ್ರಿ ಅವ್ವಾರ, ಹೆಸರು ಹಾಕಂಗಿಲ್ಲ" ಎಂದಾಗ ಕನ್ನಡದಲ್ಲಿ ದುಂಡಗೆ ಸಹಿ ಮಾಡಿದೆ. ಓಣಿಯಲ್ಲಿ ಮಾತ್ರ ಉಷ್ಣವಾಗಿತ್ತು ಎಂದು ಹೇಳಿದೆ.

ಬರೆದು, ತಿದ್ದಿ, ಪ್ರಕಟವಾಗಲು ಹೆಚ್ಚುಕಡಿಮೆ ವರ್ಷ ಹಿಡಿಯಿತು. ತಪಾಸಣೆಗೆ ಹೋದಾಗ ಡಾಕ್ಟರ್ ಬಾಯಿ ಮೂರು ಹಾಳೆ ಕೈಗಿಟ್ಟು, "ಇದು ತೆರೆದ ಪತ್ರಿಕಾ ಅದರಿ. ಕಂಪ್ಯೂಟರಿನಾಗ ಯಾರು ಬೇಕಾದ್ರೂ, ಎಲ್ಲಿ ಕುಂತಾದ್ರೂ ಪುಕ್ಕಟ ಓದಬಹುದು" ಎಂದು ಹಿಗ್ಗಿನಿಂದ ಹೇಳಿದರು. ನಾನು ಹಾಳೆಗಳನ್ನು ಸೆರಗಿನೊಳಗೆ ಸೇರಿಸಿದೆ. ಹತ್ತಿರದ ಹಿಂಜವಾಡಿಯಲ್ಲಿ ಆಗ ಕಂಪ್ಯೂಟರ್ ಆಫೀಸುಗಳು ಸಾಲಾಗಿ ಏಳುತ್ತಿದ್ದವು. ಮಂಡಳಿಯ ಅರ್ಧ ಹೆಂಗಸರ ಅಳಿಯಂದಿರು ಅಲ್ಲೇ ಇದ್ದರು. ಅವರಿಗೆ ಬೇರೆ ಕೆಲಸವಾದರೂ ಏನು, ದಿನವಿಡೀ ನನ್ನ ಮೂತ್ರದ ವಿಚಾರ ಓದುವುದೇ ಎಂದು ನನ್ನ ಗಟ್ಟಿ ನಂಬಿಕೆ.

"ಅದಕ್ಕೊಂದು ಕೀಲಿ ಹಾಕಾಕ ಬರೂದಿಲ್ಲೇನ್ರಿ?" ಎಂದೆ.

ಡಾಕ್ಟರ್ ಬಾಯಿ ನಕ್ಕರು. ಆಮೇಲೆ ನಗು ನಿಂತಿತು. "ಮೊದಲ ಕೀಲೀನ ಇರ್ತಿತ್ರಿ. ರೊಕ್ಕ ಕಟ್ಟಿದವರಿಗಷ್ಟ ಓದಾಕ ಸಿಗ್ತಿತ್ತು. ನಾ ಇಂದಾಪುರದ ಸಣ್ಣ ದವಾಖಾನ್ಯಾಗ ಇದ್ದಾಗ ಒಬ್ಬಾಂವ ಹಿಂಗ ಬಿಕ್ಕಳಿಕಿ ಅಂತ ಬಂದಿದ್ದ. ಇಂಥಾದೊಂದು ಲೇಖನ ಇತ್ತು, ನನಗ ಕಂಡದ್ದು ಅದರ ಹೆಸರಷ್ಟ. ಒಳಗೇನದ ಅಂತ ತಿಳೀಲಿಲ್ಲ."

"ಅಂವ?"

ಅವರು ನನ್ನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡತೊಡಗಿದರು.

ಆ ಮೂರು ಹಾಳೆ ಮನೆಗೆ ಬಂದದ್ದೇ ನನ್ನ ನೆಮ್ಮದಿ ಹೋಯಿತು. ಅಕ್ಕಿ ಡಬ್ಬಿಯಲ್ಲಿಟ್ಟೆ. ಅಲ್ಲಿಂದ ತೆಗೆದು ಹಾಸಿಗೆಯ ಕೆಳಗಿಟ್ಟೆ. ಅಲ್ಲಿಂದ ದೇವರ ಹಿಂದೆ. ಪಾಂಡುರಂಗ ಓದಿಬಿಟ್ಟಾನು ಎಂದು ತಿರುಗಿ ಅಕ್ಕಿ ಡಬ್ಬಿಗೆ. ನಾನೇ ಅತ್ತಿತ್ತ ಓಡಾಡಿ ಇಟ್ಟದ್ದನ್ನು, ಅದೇ ಮನೆತುಂಬ ಓಡಾಡುತ್ತಿದೆ ಎಂದು ಹೆದರುತ್ತಿದ್ದೆ. ಅಷ್ಟರಲ್ಲಿ ಕಾರ್ತಿಕ ಏಕಾದಶಿ ಮತ್ತೆ ಬಂತು. ಹಿಂದಿನ ದಿನ ಭಜನೆ ಮುಗಿದ ಮೇಲೆ ಗಂಗಕ್ಕ ನನ್ನ ಕಡೆ ಕೈ ತೋರಿಸಿ, "ಈ ಸಲ ನಾನೂ ಸುಮಿತ್ರಾನಂಗ ನೀರು ಬಿಡಾಕಿ. ಮರುದಿನ ಕಮರಾಕ್ಷಿ ರಸ ಕುಡಿದು ಉಪವಾಸ ಬಿಡತೀನಿ. ಹುಳಿ ಸಕ್ಕರಿ ಕಾಯಿಲಿಗಿ ಛಲೋ ಅಂತ" ಎಂದಳು. ಗಂಗಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಕಿಡ್ನಿ ಮೆತ್ತಗಾಗಿವೆ, ಜ್ವಾಕಿ ಎಂದು ಡಾಕ್ಟರು ಹೇಳಿದ್ದೂ ಓಣಿಗೆಲ್ಲ ಗೊತ್ತಿತ್ತು.

ಮನೆಗೆ ಬಂದೆ, ಕೂರಲಾಗಲಿಲ್ಲ. ಹೊರಗೆ ಹೋದೆ, ನಿಲ್ಲಲಾಗಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ನಾನು ಬಾಯಿ ಬಿಡುವುದೇಕೆ, ಹೇಗೂ ಹೆಸರಿಲ್ಲದ ಕಾಗದ ಇದೆಯಲ್ಲ. ಅಕ್ಕಿ ಕೊಡವಿ ಹಾಳೆಗಳನ್ನು ತೆಗೆದುಕೊಂಡು ಗಂಗಕ್ಕನ ಮನೆಗೆ ಹೋದೆ. ಅವಳ ಸೊಸೆ ವೈಶಾಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. "ಏನೋ ಹಣ್ಣಿನ ವಿಚಾರ ಅದ ಅಂತ, ಓದಿ ಹೇಳವಾ" ಎಂದು ಅವಳ ಕೈಗೆ ಕೊಟ್ಟು, ಬಾಗಿಲ ಹತ್ತಿರವೇ ಕುಳಿತೆ.

ವೈಶಾಲಿ ಓದಿ ಓದಿ ಕನ್ನಡದಲ್ಲಿ ಹೇಳಿದಳು. ಒಬ್ಬ ಹೆಂಗಸು, ನೀರಿಲ್ಲದ ಉಪವಾಸ, ಮಧ್ಯಾಹ್ನ ಎರಡು ದೊಡ್ಡ ಗ್ಲಾಸು ಕಮರಾಕ್ಷಿ ರಸ, ಬಿಕ್ಕಳಿಕೆ, ಕಿಡ್ನಿ. ಕಿಡ್ನಿ ದುರ್ಬಲವಾದವರು ಈ ಹಣ್ಣನ್ನು ಮುಟ್ಟಲೇಬಾರದು.

ಗಂಗಕ್ಕ ಗಲ್ಲಕ್ಕೆ ಕೈ ಹಚ್ಚಿದಳು. "ಯಾವಾಕಿ ಈ ಕಳ್ಳಿ? ನೀರು ಬಿಟ್ಟೀನಿ ಅಂತ ಹೇಳಿ ಗ್ಲಾಸುಗಟ್ಟಲೆ ಇಳಿಸ್ಯಾಳಲ್ಲ. ಪಾಂಡುರಂಗ ಬಿಟ್ಟಾನೇನು ಆಕೀನ್ನ? ಅದಕ್ಕ ಆಗೇದ ಅದು. ಹಣ್ಣಿಂದೇನು ತಪ್ಪು?" ಎಂದು ಹಾಳೆಗಳನ್ನು ಆಚೆ ಸರಿಸಿದಳು. "ಇದು ಯಾವ್ದೋ ದೇಶದ ಸುದ್ದಿ ತಗೋ. ನಮ್ಮ ಗಿಡದ ಹಣ್ಣು ಏನೂ ಮಾಡೂದಿಲ್ಲ."

ಹೆಸರಿಲ್ಲದ ಕಾಗದ ನನ್ನನ್ನು ಉಳಿಸಿತ್ತು. ಗಂಗಕ್ಕನನ್ನು ಉಳಿಸುವಂತೆ ಕಾಣಲಿಲ್ಲ.

"ಗಂಗಕ್ಕ, ಅದು ನಿಮ್ಮ ಗಿಡದ್ದ ಹಣ್ಣು" ಎಂದೆ.

"ನಿನಗ ಹ್ಯಾಂಗ ಗೊತ್ತು?"

"ಕುಡಿದಾಕಿ ನಾನ."

ವೈಶಾಲಿ ಹಾಳೆಯಲ್ಲಿ ಮುಖ ಮುಚ್ಚಿಕೊಂಡಳು. ಗಂಗಕ್ಕ ನನ್ನ ಕಡೆ ತಿರುಗಿ ಕುಳಿತಳು. "ಮತ್ತ ಉಷ್ಣ ಆಗಿತ್ತು ಅಂದಿ?"

"ಅದೂ ಸ್ವಲ್ಪ ಆಗಿತ್ರಿ."

ಗಂಗಕ್ಕ ಸೊಸೆಗೆ ಹಣ್ಣಿನ ಬುಟ್ಟಿ ತೆಗೆದು ಹೊರಗೆ ಸುರಿಯಲು ಹೇಳಿದಳು. ಮರುದಿನ ಭಜನೆಯಲ್ಲಿ ಮಂಡಳಿಯವರೆಲ್ಲರ ಎದುರು, "ಮೊದಲ ಈಕೀಗೆ ನೀರು ಕೊಡ್ರಿ, ಇಲ್ಲಾಂದ್ರ ಮನೀಗ್ಹೋಗಿ ಏನಾರ ಕುಡೀತಾಳ" ಎಂದಳು. ತಾನೂ ಒಂದು ತಂಬಿಗೆ ಕುಡಿದಳು. ಅಂದಿನಿಂದ ನನ್ನ ಸ್ಥಾನ ಹೋಯಿತು, ಬಾಯಾರಿಕೆಯೂ ಹೋಯಿತು.

ಆ ಲೇಖನ ಈಗಲೂ ತೆರೆದೇ ಇದೆಯಂತೆ, ಇಂದಾಪುರದಲ್ಲಿ ಕುಳಿತೂ ಓದಬಹುದಂತೆ. ನೀವು ಇಂಗ್ಲಿಷ್ ಕಲಿತವರು, ಬೇಕಾದರೆ ತೆಗೆದು ನೋಡಿ. ಎರಡು ಗ್ಲಾಸು ಎಂದಿದೆ. ಡಾಕ್ಟರ್ ಬಾಯಿ ನಾನು ಹೇಳಿದ್ದನ್ನೇ ಬರೆದಿದ್ದಾರೆ, ಅವರ ತಪ್ಪಿಲ್ಲ. ಆದರೆ ನೀವು ನಿಮ್ಮ ಅಜ್ಜನ ಮೊಮ್ಮಕ್ಕಳು. ಮೂರನೆಯದನ್ನು ನೀವೇ ಬಾಗಿ ಹುಡುಕಿಕೊಳ್ಳಿ.