ಅಜ್ಜಿಗೊಂದು ತಾರೀಖು

ನಮ್ಮ ವಂಶದಲ್ಲಿ ಯಾರ ಕೈಯಲ್ಲೂ ಆಗದ ಕೆಲಸವನ್ನು ಒಂದೇ ವಾರದಲ್ಲಿ ಮುಗಿಸಿಬಿಡುತ್ತೇನೆಂದು ನಾನು ಪಣ ತೊಟ್ಟಿದ್ದೆ. ಅಜ್ಜಿಯ ಉಯಿಲು! ಕಾಲೇಜಿನ ಗ್ರಂಥಾಲಯದಲ್ಲಿ ಹನ್ನೆರಡು ಸಾವಿರ ಪುಸ್ತಕಗಳನ್ನು ಅದರದರ ಜಾಗದಲ್ಲಿ ಇಡಬಲ್ಲವಳಿಗೆ ಒಂದು ಮನೆಯ ಸಾಮಾನು ಯಾವ ಮಹಾ?

ಅಜ್ಜಿಗೆ ಎಂಬತ್ತೊಂದು. ಮಕ್ಕಳು ಇಬ್ಬರೇ, ನನ್ನಪ್ಪ ಮತ್ತು ಅತ್ತೆ. ಅವರು ಎರಡು ಮೂರು ಗಂಟೆ ದೂರದ ಬೇರೆ ಊರುಗಳಲ್ಲಿ. ಕೆಲಸ ಇಲ್ಲೇ ಸಿಕ್ಕಿದ್ದರಿಂದ ನಾನು ಅಜ್ಜಿಯ ಜೊತೆ. ಅಜ್ಜಿ "ನಾನು ಹೋಗೋವಾಗ..." ಎಂದು ಬಾಯಿ ತೆರೆದರೆ ಸಾಕು, ಅಪ್ಪ "ಬಿಡ್ತು ಅನ್ನಮ್ಮ!" ಎನ್ನುತ್ತಿದ್ದರು. ಅತ್ತೆ ಫೋನಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದರು. ಹಾಗಾಗಿ ಆ ವಾಕ್ಯ ಅಲ್ಲಿಯವರೆಗೂ ಪೂರ್ತಿಯಾಗಿರಲಿಲ್ಲ.

ನಾನು ಪಟ್ಟಿ ಹಿಡಿದು ಕುಳಿತೆ.

"ಬೀರು ಯಾರಿಗೆ ಅಜ್ಜಿ?"

"ನಿಮ್ಮಪ್ಪನಿಗೆ. ಅದೂ ಅವನ ಹಾಗೇನೆ, ನಾಲ್ಕು ಸಲ ಗುದ್ದಿದರೇ ಬಾಯಿ ಬಿಡೋದು."

"ಹೊಲಿಗೆ ಮಿಷನ್ನು?"

"ನಿಮ್ಮತ್ತೆಗೆ. ಸದ್ದಿನಲ್ಲಿ ಒಳ್ಳೇ ಜೋಡಿ."

"ಗೋಡೆ ಗಡಿಯಾರ?"

"ಇವೆಲ್ಲ ಇರಲಿ ಕಣೇ. ನನ್ನದೊಂದು ಮಾತಿದೆ. ಪಕ್ಕದ ಮನೆ ಟೀಚರಮ್ಮನ್ನ ನೋಡಿದೆಯಲ್ಲ? ಮೂಗಿಗೊಂದು ಪೈಪು, ಗಂಟಲಿಗೊಂದು ಪೈಪು, ನಲವತ್ತು ದಿನ. ನನಗೆ ಹಾಗೆ..."

"ಅದೆಲ್ಲ ಆಮೇಲೆ ಅಜ್ಜಿ! ಈಗ ಕಿಟಕಿ ಪಕ್ಕದ ಮಂಚ ಯಾರಿಗೆ, ಹೇಳು."

ಕಿಟಕಿಯ ಬಿಸಿಲು ಅಜ್ಜಿಯ ಮಡಿಲಿಗೆ ಬಿದ್ದಿತ್ತು. ಅದನ್ನು ಬೆರಳಿನಿಂದ ಸವರುತ್ತಾ, "ನಿಮ್ಮತ್ತೆಗೆ," ಎಂದಳು.

ಮರುದಿನ ಗ್ರಂಥಾಲಯದಲ್ಲಿ, ಊಟದ ಬಿಡುವಿನಲ್ಲಿ, ಒಂದೊಂದು ಸಾಮಾನಿಗೆ ಒಂದೊಂದು ಚೀಟಿಯಂತೆ ಮುತ್ತಿನ ಅಕ್ಷರದಲ್ಲಿ ಬರೆದೆ. ಕಾಗದದ ಚೂರು ಎದುರಿಗೆ ಬಂದರೆ ನನ್ನ ಬಲಗೈ ನನ್ನ ಅಪ್ಪಣೆಗೆ ಕಾಯುವುದಿಲ್ಲ! ಪುಸ್ತಕ ವಾಪಸು ಕೊಡಬೇಕಾದ ದಿನದ ಮುದ್ರೆ ಅಲ್ಲೇ ಇತ್ತು, ಎಂದಿನಂತೆ ಹದಿನೈದು ದಿನ ಮುಂದಕ್ಕೆ ತಿರುಗಿಸಿಟ್ಟದ್ದು. ಠಪ್! ಠಪ್! ಮೂವತ್ತೆರಡು ಚೀಟಿಗೆ ಮೂವತ್ತೆರಡು ಠಪ್. ನನಗದು ಕೇಳಿಸಲೂ ಇಲ್ಲ. ಅಷ್ಟೂ ಚೀಟಿಗಳ ಫೋಟೋ ತೆಗೆದು, "ಅಜ್ಜಿ ಎಲ್ಲ ನಿಶ್ಚಯ ಮಾಡಿದ್ದಾರೆ, ನೋಡಿಕೊಳ್ಳಿ" ಎಂದು ಬರೆದು, ಫೋನಿನಲ್ಲಿ ಅಪ್ಪನಿಗೂ ಅತ್ತೆಗೂ ಕಳಿಸಿದೆ. ಬಳಿಕ ಗ್ರಂಥಾಲಯದ ನಿಯಮದಂತೆ ಫೋನಿನ ಬಾಯಿ ಮುಚ್ಚಿದೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಎರಡು ಜೊತೆ ಹೊಸ ಚಪ್ಪಲಿ. ಒಳಗೆ ಅಜ್ಜಿಯ ಎಡಗೈ ಅಪ್ಪನ ವಶ, ಬಲಗೈ ಅತ್ತೆಯ ವಶ. ಮುಂದಿಟ್ಟ ಟೀ ಕುಡಿಯಲು ಕೈಯಿಲ್ಲದೆ ಅಜ್ಜಿ ಅದನ್ನು ಸುಮ್ಮನೆ ನೋಡುತ್ತಿದ್ದಳು.

"ಯಾವ ಡಾಕ್ಟ್ರೇ ಹೇಳಿದ್ದು?" ಎಂದರು ಅಪ್ಪ.

"ಏನನ್ನ?"

"ಹದಿನೆಂಟನೇ ತಾರೀಖು ಅಂತ!"

ಅತ್ತೆ ಗೊಳೋ ಎಂದರು. "ಬೀರಿಗೂ ಹದಿನೆಂಟು, ಮಂಚಕ್ಕೂ ಹದಿನೆಂಟು! ಹದಿನೇಳರವರೆಗೂ ಆ ಮಂಚದ ಮೇಲೆ ಮಲಗ್ತಾಳಲ್ಲೇ ನಮ್ಮಮ್ಮ!"

ನನ್ನ ಕಾಲ ಕೆಳಗಿನ ನೆಲ ರಜೆ ಹಾಕಿ ಹೋಯಿತು. "ಅತ್ತೆ, ಅದು ಡಾಕ್ಟರಲ್ಲ, ನಮ್ಮ..." ಎನ್ನುವಷ್ಟರಲ್ಲಿ ಅಜ್ಜಿ ನನ್ನನ್ನೊಮ್ಮೆ ನೋಡಿದಳು. ನಾನು ತಂದುಕೊಟ್ಟ ಕಾದಂಬರಿಗಳನ್ನು ವಾರಕ್ಕೆರಡರಂತೆ ಓದಿ ಮುಗಿಸುವವಳು ಅವಳು. ಆ ಮುದ್ರೆಯ ಗುರುತು ಅವಳಿಗೆ ಸಿಗದೆ ಇರುತ್ತದೆಯೆ?

"ನೀನು ಬಾಯಿ ಮುಚ್ಚು," ಎಂದಳು. ಆಮೇಲೆ ಮಕ್ಕಳ ಕಡೆ ತಿರುಗಿ, "ಈಗಲಾದರೂ ನನ್ನ ಮಾತು ಕೇಳ್ತೀರಾ?"

"ಹೇಳಮ್ಮ!" ಇಬ್ಬರೂ ಒಟ್ಟಿಗೆ. ಬಿಡ್ತು ಎನ್ನಲು ಯಾರಿಗೂ ನೆನಪಾಗಲಿಲ್ಲ.

"ನಾನು ಹೋಗೋವಾಗ ಪೈಪು ಹಾಕಿಸಬೇಡಿ. ವಾಸಿಯಾಗೋ ಕಾಯಿಲೆಯಾದರೆ ಆಸ್ಪತ್ರೆ, ಇಲ್ಲದಿದ್ದರೆ ಈ ಮಂಚ. ನೋವಿಗೆ ಔಷಧಿ ಇರಲಿ. ಕಿಟಕಿ ತೆಗೆದಿರಲಿ. ಅಳೋರು ಪಕ್ಕದ ಕೋಣೆಯಲ್ಲಿ ಅಳಿ, ನನಗೆ ತಲೆನೋವು ಬರುತ್ತೆ."

ನಿನ್ನೆ ಈ ಮಾತನ್ನು ನಾನೇ ತುಂಡರಿಸಿದ್ದೆ. ಅಪ್ಪ ನನ್ನ ಪಟ್ಟಿಯ ಹಿಂಬದಿಯಲ್ಲಿ ಅದನ್ನೆಲ್ಲ ಬರೆದುಕೊಂಡರು. ಅಜ್ಜಿ ಸಹಿ ಹಾಕಿದಳು, ಮಕ್ಕಳಿಬ್ಬರೂ ಕೆಳಗೆ ಹಾಕಿದರು.

ಬಿಡುಗಡೆಯಾದ ಕೈಯಲ್ಲಿ ಅಜ್ಜಿ ಆರಿದ ಟೀ ಎತ್ತಿಕೊಂಡಳು. "ಹೂಂ, ಈಗ ಹೇಳೇ."

ನಾನು ಹೇಳಿದೆ. ಅಪ್ಪ ತಲೆಯ ಮೇಲೆ ಕೈ ಹೊತ್ತರು. "ಇವಳನ್ನ ಓದಿಸಿದ್ದೇ ತಪ್ಪು!" ಅತ್ತೆ ಅಳುವನ್ನು ನಿಲ್ಲಿಸದೆಯೇ ನಗಲು ಶುರುಮಾಡಿದರು, ಎರಡಕ್ಕೂ ಒಂದೇ ಸೆರಗು.

ಅಪ್ಪನ ಕಣ್ಣು ಮತ್ತೆ ಕಾಗದದ ಮೇಲೆ ಬಿತ್ತು. "ಬರೆದಿದ್ದೇನೋ ಬರೆದೆ ಅಮ್ಮ. ಆ ಹೊತ್ತಿಗೆ ಡಾಕ್ಟರ ಮುಂದೆ ನಿಂತು ಇದನ್ನ ಹೇಳೋರು ಯಾರು? ನನ್ನ ಕೈಲಾಗಲ್ಲ."

"ನನ್ನ ಕೈಲೂ ಆಗಲ್ಲ," ಎಂದರು ಅತ್ತೆ.

ಅಜ್ಜಿ ನನ್ನ ಕಡೆ ಬೆರಳು ತೋರಿಸಿದಳು. ನನ್ನೆದೆ ಉಬ್ಬಿತು. ಕಣ್ಣೂ ತುಂಬಿತು.

"ನನ್ನ ಮೇಲೆ ಅಷ್ಟೊಂದು ನಂಬಿಕೇನಾ ಅಜ್ಜಿ?"

"ಮತ್ತೆ? ಇವರಿಬ್ಬರೂ ಹಿಡಿದ ಕೈ ಬಿಡೋರಲ್ಲ. ಜೀವ ಇರುವಾಗಲೇ ತಾರೀಖು ಒತ್ತಿ ಕಳಿಸಿಕೊಡೋ ಗಟ್ಟಿ ಗುಂಡಿಗೆ ಈ ಮನೇಲಿ ನಿನಗೊಬ್ಬಳಿಗೇ ಇರೋದು!"