ಸಿಂಹಳಯಾತ್ರೆಯ ಮುಂಜಾಗ್ರತೆ

ಮುಂಜಾಗ್ರತೆ ಎಂಬ ಗುಣ ಗಂಡಸಿನಲ್ಲಿದ್ದರೆ ಹೆಂಡತಿ ಅದಕ್ಕೆ ಪುಕ್ಕಲುತನ ಎಂದು ಹೆಸರಿಡುತ್ತಾಳೆ. ಅದೇ ಗುಣ ಹೆಂಡತಿಯಲ್ಲಿದ್ದರೆ ಅದು ಸಂಸಾರ ತೂಗಿಸುವ ಜಾಣತನ. ಈ ಅನ್ಯಾಯವನ್ನು ನಾನು ಮದುವೆಯಾದಾಗಿನಿಂದ ಉಣ್ಣುತ್ತಾ ಬಂದಿದ್ದೇನೆ, ಮೇಲೆ ಹುಳಿ ಮಜ್ಜಿಗೆಯನ್ನೂ ಹಾಕಿಸಿಕೊಂಡು.

ನನ್ನ ಹೆಸರು ಜೀವೋತ್ತಮರಾವ್. ಜೀವವೇ ಉತ್ತಮ ಎಂದು ಹೆಸರಿನಲ್ಲೇ ಸಾರಿಕೊಂಡವನು ಅದನ್ನು ಜೋಪಾನ ಮಾಡದಿದ್ದರೆ ಹೆಸರಿಟ್ಟ ಹಿರಿಯರಿಗೆ ಅವಮಾನ. ರಾಯಚೂರಿನ ಹೈಸ್ಕೂಲೊಂದರಲ್ಲಿ ಭೂಗೋಳದ ಮಾಸ್ತರ. (ನಿಜಾಮರ ಕಾಲದಲ್ಲಿ ಅದೇ ಪಾಠವನ್ನು ಜುಗ್ರಾಫಿಯಾ ಎಂದು ಉರ್ದುವಿನಲ್ಲಿ ಹೇಳುತ್ತಿದ್ದೆ; ಈಗ ಕನ್ನಡದಲ್ಲಿ ಹೇಳುತ್ತೇನೆ. ಹುಡುಗರಿಗೆ ಆಗಲೂ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯುವುದಿಲ್ಲ.) ಜಗತ್ತಿನ ಸಮುದ್ರಗಳನ್ನೆಲ್ಲ ಬೆತ್ತದ ತುದಿಯಿಂದ ತೋರಿಸಿದ ನಾನು ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

ನಮ್ಮ ಒಬ್ಬಳೇ ಮಗಳು ಜಯಾ ಕೊಲಂಬೋದಲ್ಲಿದ್ದಳು. ಅಳಿಯನಿಗೆ ಅಲ್ಲಿಯ ಬ್ಯಾಂಕಿನಲ್ಲಿ ನೌಕರಿ. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕಾದದ್ದು ರೂಢಿ. ಆದರೆ ಹಡಗು, ರೈಲು ಯಾವುದೂ ಕೂಡದು ಎಂದು ಅಲ್ಲಿಯ ಡಾಕ್ಟರು ಹೇಳಿಬಿಟ್ಟರಂತೆ. ಸುದ್ದಿ ಬಂದದ್ದೇ ತಡ, ನನ್ನ ಹೆಂಡತಿ ವೆಂಕೂಬಾಯಿ ಬಾಣಂತಿಯ ಅಂಟಿನುಂಡಿಗೆ ಕೊಬ್ಬರಿ ಹೆರೆಯುತ್ತ ಕೂತಳು.

"ನಾವ ಹೋಗೂಣ್ರಿ. ತಾಯಿ ಇದ್ದೂ ಹುಡುಗಿ ಒಬ್ಬಾಕೀನ ಹಡೀಬೇಕೇನು?"

"ಹೋಗೋಣ," ಎಂದೆ ಗಂಭೀರವಾಗಿ. "ಆದರ ಅದು ನಿನ್ನ ತವರು ಮಾನ್ವಿ ಅಲ್ಲ, ಮುಂಜಾನೆ ಬಸ್ಸು ಹತ್ತಿ ಮಧ್ಯಾಹ್ನ ಊಟಕ್ಕ ಕೂಡ್ಲಿಕ್ಕೆ. ಅದು ದ್ವೀಪ. ನಾಲ್ಕೂ ಕಡಿ ನೀರು. ಹ್ವಾದ ವರ್ಷಷ್ಟ ಸ್ವತಂತ್ರ ಆದ ಸಣ್ಣ ದೇಶ. ಅಲ್ಲಿಯ ಹವಾ, ಅಲ್ಲಿಯ ರೋಗ, ಅಲ್ಲಿಯ ಪ್ರಾಣಿ, ಎಲ್ಲಾ ಅಭ್ಯಾಸ ಮಾಡಬೇಕಾಗ್ತದ."

"ನನ್ನ ಮಗಳು ನಾಲ್ಕೂ ಕಡಿ ನೀರಿನಾಗ ಇಲ್ಲಲ್ರಿ, ನಡುವಿನ ನೆಲದ ಮ್ಯಾಲ ಇದ್ದಾಳ," ಎಂದಳು.

ನಾನು ನಕಾಶೆ ಬಿಚ್ಚಿ, ಆ ನಡುವಿನ ನೆಲ ಎಷ್ಟಿದೆಯೆಂದು ಬೆರಳಿನಿಂದ ಅಳೆದೆ.

ನನ್ನ ಸಿದ್ಧತೆಯ ಮೊದಲನೆಯ ಅಂಗ ಈಜು. ಹಡಗು ಮುಳುಗಿದರೆ? (ಮುಳುಗುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ?) ಕೃಷ್ಣೆಯ ದಂಡೆಯ ಹಳ್ಳಿಯವರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆಯನ್ನೇ ದಾಟುತ್ತಾರೆ ಎಂದು ಕೇಳಿದ್ದೆ. ಎರಡು ದೊಡ್ಡ ಬುರುಡೆ ಸಂಪಾದಿಸಿ, ಮಾನ್ವಿಯಲ್ಲಿ ನನ್ನ ಹೆಂಡತಿಯ ತಮ್ಮ ವಿಠ್ಠಲನ ತೋಟದ ಬಾವಿಗೆ ಅವಳೊಡನೆ ಹೋದೆ. ಬುರುಡೆಗಳನ್ನು ಎದೆಗೆ ಕಟ್ಟಬೇಕೆಂದು ನನಗಾರೂ ಹೇಳಿರಲಿಲ್ಲ. ನಾನು ಸೊಂಟಕ್ಕೆ ಕಟ್ಟಿದೆ, ಸ್ವಲ್ಪ ಸಡಿಲವಾಗಿ. ನೀರಿಗಿಳಿದೊಡನೆ ಅವು ಜಾರಿ ಕಾಲಿಗೆ ಬಂದವು. ತಲೆ ಪಾತಾಳಕ್ಕೂ ಪಾದಗಳು ಆಕಾಶಕ್ಕೂ ಅಭಿಮುಖವಾಗಿ ನಾನು ಬಾವಿಯಲ್ಲಿ ಶೀರ್ಷಾಸನ ಹಾಕಿದೆ. ವಿಠ್ಠಲ ಬಾವಿಗೆ ಹಾರಿ ಎಳೆದು ತೆಗೆದ. ಅವನು ನಗಲಿಲ್ಲ, ಅಕ್ಕನ ಮುಖ ನೋಡಿದ. ನಕ್ಕಿದ್ದರೇ ವಾಸಿಯಿತ್ತು.

ಎರಡನೆಯದು ಹಡಗಿನ ಓಲಾಟ. ಹೊಟ್ಟೆ ತುಂಬ ಉಂಡು ತೂಗುಮಣೆಯಲ್ಲಿ ಜೋರಾಗಿ ತೂಗಿಕೊಂಡರೆ ಅಭ್ಯಾಸವಾಗುತ್ತದೆ ಎಂದು ನಾನೇ ಕಂಡುಹಿಡಿದೆ. ವೆಂಕೂಬಾಯಿ ತೂಗುಮಣೆಯ ಮೇಲೆ ಕೂತು ಮೊಮ್ಮಗುವಿನ ಕುಲಾವಿ ಹೊಲಿಯುತ್ತ ನಿಶ್ಚಿಂತೆಯಾಗಿ ತೂಗಿಕೊಂಡಳು. ಜೊತೆಗೆ ಕೂತಿದ್ದ ನಾನು ಅಂಗಳದ ಮೂಲೆಗೆ ಓಡಿದೆ. ಉಂಡದ್ದೆಲ್ಲ ತುಳಸಿಕಟ್ಟೆಯ ಮಗ್ಗುಲಿಗೆ ಅರ್ಪಿತವಾಯಿತು. ಬ್ರಾಹ್ಮಣನ ಅಂಗಳ ಹಾಗೆ ಮೈಲಿಗೆಯಾದದ್ದಕ್ಕೆ ಅವಳು ಬೈಯಲಿಲ್ಲ. ಬಾವಿಯಿಂದ ನೀರು ಸೇದಿ ತೊಳೆದಳು, ಅಷ್ಟೇ.

ಹೀಗೆ ವಾರಗಳು ಉರುಳಿದವು. ಕ್ವಿನೈನು ಬಂತು, ಅಯೋಡಿನ್ ಬಂತು, ಹಾವು ಕಚ್ಚಿದರೆ ಅರೆದು ಹಚ್ಚುವ ಬೇರು ಬಂತು, ನೀರು ಸೋಸಲು ಇದ್ದಿಲು ತುಂಬಿದ ಮಡಿಕೆ ಬಂತು. ಟ್ರಂಕು ತುಂಬಿತು. ಹೊರಡುವ ದಿನ ಮಾತ್ರ ಬರಲಿಲ್ಲ.

"ನೀವು ತಯಾರಾಗೂದ್ರಾಗ ಆ ಕೂಸಿನ ಮುಂಜಿವಿನೂ ಆಗಿಬಿಡ್ತದ," ಎಂದಳು ಒಂದು ದಿನ. "ನಮ್ಮವ್ವ ಸಾಯೂ ಮುಂದನೂ ಹಿಂಗ ಮಾಡಿದ್ರಿ. ಗಾಡಿ ಸರಿ ಇಲ್ಲ, ಎತ್ತು ಸರಿ ಇಲ್ಲ, ಹಳ್ಳ ಬಂದದ ಅಂತ ಕೂತ್ರಿ. ಮಾನ್ವಿ ಮುಟ್ಟೂದ್ರಾಗ ಬೂದಿ ಆಗಿತ್ತು."

(ಹಳ್ಳ ನಿಜವಾಗಿಯೂ ಬಂದಿತ್ತು. ಆದರೆ ಹೆಂಗಸಿನ ನೆನಪಿನ ಎದುರು ಹಳ್ಳದ ಸಾಕ್ಷಿ ನಿಲ್ಲುವುದಿಲ್ಲ.)

ಕೊನೆಗೆ ಹೊರಡುವ ದಿನ ಗೊತ್ತುಮಾಡಿದೆ. ಅದಕ್ಕೆ ಮೊದಲು ಅನುಭವಸ್ಥರೊಬ್ಬರ ಮಾತು ಕೇಳೋಣ ಎಂದು ದೇವದುರ್ಗಕ್ಕೆ ಹೋದೆ. ಅಲ್ಲಿ ಶೇಂಗಾ ವ್ಯಾಪಾರದ ವಿರೂಪಣ್ಣ ಯುದ್ಧದ ಕಾಲದಲ್ಲಿ ಪಲ್ಟನ್ನಿನ ಜೊತೆ ಸಿಂಹಳದಲ್ಲಿ ಇದ್ದು ಬಂದವನೆಂದು ಊರೆಲ್ಲ ಹೇಳುತ್ತಿತ್ತು. ನಾನು ಹೋದೊಡನೆ ಅವನು ಚಾ ತರಿಸಿ, ಗಾದಿಗೆ ಒರಗಿ ಕೂತ.

"ಮಾಸ್ತರ್ರಿ, ಅಲ್ಲಿ ಹುಲಿಗೆ ಅಂಜಬ್ಯಾಡ್ರಿ, ಹಾವಿಗೆ ಅಂಜಬ್ಯಾಡ್ರಿ. ಜಿಗಳಿಗೆ ಅಂಜ್ರಿ. ಸೌತಿಕಾಯಿ ಅಷ್ಟು ದೊಡ್ಡು ಇರ್ತಾವ! ಗಿಡದ ಮ್ಯಾಲಿಂದ ಉದುರ್ತಾವ. ನಮ್ಮ ಸುಬೇದಾರ ಒಬ್ಬಾಂವ ಮಕ್ಕೊಂಡಾಂವ ಏಳಲೇ ಇಲ್ಲ, ಬರೇ ತೊಗಲು ಉಳದಿತ್ತು."

"ಉಪಾಯ ಏನಪಾ?"

"ಕೇರುಬೀಜದ ಎಣ್ಣಿ. ಕಾಲಿಗೆ, ಕೈಗೆ, ಕುತಿಗಿಗೆ ಹಚ್ಚಿಕೊಳ್ರಿ. ಜಿಗಳಿ ದೂರಿಂದನ ಕೈ ಮುಗಿದು ಹೋಗ್ತಾವ. ನಾ ಹಚ್ಚಿಕೊಂಡಿದ್ದಕ್ಕ ಇಲ್ಲಿ ಕುಂತು ಚಾ ಕುಡಿಯಾಕತ್ತೀನಿ."

ಕೇರುಬೀಜ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುವ ಕರಿಯ ಬೀಜ. ಒಗೆದು ಒಗೆದು ಬಟ್ಟೆ ಹರಿದರೂ ಅದರ ಗುರುತು ಹೋಗುವುದಿಲ್ಲ. ಇಂಥ ಶಾಶ್ವತ ವಸ್ತುವಿಗೆ ಜಿಗಣೆ ಹೆದರುವುದು ಸಹಜವೆಂದು ನನಗೆ ತೋರಿತು.

ಹೊರಡುವ ದಿನ ಬೆಳಿಗ್ಗೆ ಎಣ್ಣೆಯ ಶೀಶೆ ತೆಗೆದೆ. ವೆಂಕೂಬಾಯಿ ನೋಡಿ ಹೌಹಾರಿದಳು.

"ಅದು ಸುಡ್ತದರೀ! ಹಚ್ಚಬ್ಯಾಡ್ರಿ!"

ಪಕ್ಕದ ಮನೆಯ ಸುಗ್ರಾ ಬೇಗಂ ಗೋಡೆಯಾಚೆಯಿಂದ ಕೂಗಿದಳು: "ಮಾಸ್ತರ್ ಸಾಬ್, ಧೋಬಿ ಕೈ ನೋಡೀರೇನು? ನಮ್ಮ ಚಾಚಾಗ ಒಂದು ಹನಿ ಬಿದ್ದು ಮಾರಿ ಕುಂಬಳಕಾಯಿ ಆಗಿತ್ತು!"

"ಎಳ್ಳೆಣ್ಣ್ಯಾಗ ಕೂಡಿಸೀನಿ," ಎಂದು ಇಬ್ಬರಿಗೂ ಒಟ್ಟಿಗೆ ಉತ್ತರ ಕೊಟ್ಟು, ಮೊಣಕಾಲಿನವರೆಗೆ, ಮೊಣಕೈಯವರೆಗೆ, ಕುತ್ತಿಗೆಗೆ ಸುತ್ತಲೂ ಧಾರಾಳವಾಗಿ ಲೇಪಿಸಿಕೊಂಡೆ. ಹೆಂಡತಿಗೂ ಹಚ್ಚಲು ಹೋದೆ. ಅವಳು ನನ್ನ ಕಡೆಗೆ ನೋಡಿದ ನೋಟಕ್ಕೆ ಕೈ ತಾನಾಗಿ ಹಿಂದಕ್ಕೆ ಬಂತು.

ಗುಂತಕಲ್ಲಿನಲ್ಲಿ ನಮ್ಮ ಡಬ್ಬಿಗೆ ಲತೀಫಾ ಎಂಬ ಹೆಣ್ಣುಮಗಳು ಮಾವನ ಜೊತೆ ಹತ್ತಿದಳು. ಅವಳ ಗಂಡನದು ಕೊಲಂಬೋದಲ್ಲಿ ಅತ್ತರಿನ ಅಂಗಡಿ. ಮಾವ ಶಂಶುದ್ದೀನ್ ಸಾಹೇಬರು ಸೊಸೆಯನ್ನು ಬಿಟ್ಟುಬರಲು ಹೊರಟಿದ್ದರು. ಸುಗ್ರಾ ಬೇಗಂ ಜೊತೆ ಗೋಡೆಯಾಚೆ ಮಾತಾಡಿ ಮಾತಾಡಿ ದಖನಿ ಉರ್ದು ಕಲಿತಿದ್ದ ನನ್ನ ಹೆಂಡತಿಗೂ ಲತೀಫಾಳಿಗೂ ಮದ್ರಾಸು ಬರುವಷ್ಟರಲ್ಲಿ ಅಕ್ಕತಂಗಿಯರಂತೆ ನಂಟು ಬೆಳೆಯಿತು. ನನಗೆ ಅಷ್ಟರಲ್ಲಿ ತುರಿಕೆ ಶುರುವಾಗಿತ್ತು.

ಮದ್ರಾಸಿನಲ್ಲಿ ಗಾಡಿ ಬದಲಿಸಿದೆವು. ಮಂಡಪಂ ಮುಟ್ಟುವ ಹೊತ್ತಿಗೆ ನನ್ನ ಕಾಲುಗಳು ಹಂಡೆಗಳಾಗಿದ್ದವು. ಮೈಮೇಲೆ ಬೊಬ್ಬೆ, ಬೊಬ್ಬೆಯ ಮೇಲೆ ಬೊಬ್ಬೆ. ಕುತ್ತಿಗೆ ಊದಿ ಗದ್ದ ಎಂಬ ಅವಯವವೇ ಮಾಯವಾಗಿತ್ತು. ಸಿಂಹಳಕ್ಕೆ ಹೋಗುವವರೆಲ್ಲರ ಆರೋಗ್ಯ ತಪಾಸಣೆ ನಡೆಯುವುದು ಅಲ್ಲಿಯೇ. ಸಾಲಿನಲ್ಲಿ ನಿಂತ ನನ್ನನ್ನು ಕಂಡ ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು "ಸ್ಮಾಲ್‌ಪಾಕ್ಸ್!" ಎಂದರು.

ಸಿಡುಬು! ಸಾಲು ಚದುರಿತು. ನನ್ನನ್ನು ಒಂದು ಕಡೆ, ನನ್ನ ಜೊತೆ ಬಂದ ತಪ್ಪಿಗೆ ವೆಂಕೂಬಾಯಿಯನ್ನು ಇನ್ನೊಂದು ಕಡೆ ನಿಲ್ಲಿಸಿದರು. ಸಿಡುಬೇ ಆದರೆ ಇಬ್ಬರೂ ಇಲ್ಲೇ ಇರಬೇಕು, ಎಷ್ಟು ದಿನವೋ ಹೇಳಲಾಗದು ಎಂದರು. ಮೈಗೆ ಏನಾದರೂ ಹಚ್ಚಿಕೊಂಡಿದ್ದೀರಾ ಎಂದು, ಕೈಗೆ ಹಚ್ಚಿಕೊಳ್ಳುವ ಸನ್ನೆ ಮಾಡುತ್ತ, ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಪದವೀಧರನಾದ ನಾನು, ಭೂಗೋಳದ ಅಧ್ಯಾಪಕನಾದ ನಾನು, ಅಗಸರ ಮಸಿ ಬಳಿದುಕೊಂಡೆ ಎಂದು ನಾಲ್ಕು ಜನರ ಮುಂದೆ ಹೇಗೆ ಹೇಳಲಿ?

"ನೋ," ಎಂದೆ.

ಇಂಗ್ಲಿಷು ಬಾರದ ನನ್ನ ಹೆಂಡತಿಗೆ ಆ ಒಂದು ಶಬ್ದ ತಿಳಿಯಿತು. ಅವಳ ಮುಖ ಬಿಳಿಚಿತು. ಆಮೇಲೆ ಕೆಂಪಾಯಿತು.

"ಖರೇ ಹೇಳ್ರಿ," ಎಂದಳು ದೂರದಿಂದ. "ಅಲ್ಲಿ ಹುಡುಗಿ ಬ್ಯಾನಿ ತಿನ್ಲಿಕ್ಹತ್ತಿರಬೇಕು. ಇಲ್ಲಿ ನಿಮಗ ಮಾನದ ಚಿಂತಿ."

ನಾನು ಅಂಗಿಯ ಕಾಲರನ್ನು ಮೇಲೆಳೆದುಕೊಂಡೆ. ಆಗ ಅವಳು ಸೆರಗು ಬಿಗಿದು, ಲತೀಫಾಳ ಕಡೆ ತಿರುಗಿ ದಖನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು, ಎಣ್ಣೆ, ಜಿಗಣೆ, ದೇವದುರ್ಗದ ಚಾ ಸಮೇತ. ಲತೀಫಾ ಬುರುಖಾದೊಳಗೆ ನಕ್ಕಳು. ತಮಿಳು ಬಲ್ಲ ಶಂಶುದ್ದೀನ್ ಸಾಹೇಬರು ಡಾಕ್ಟರಿಗೆ ತಮಿಳಿನಲ್ಲಿ ಹೇಳಿದರು. ಚದುರಿದ ಸಾಲೆಲ್ಲ ನಕ್ಕಿತು. ಡಾಕ್ಟರು ಗೋಡೆಯ ಕಡೆ ತಿರುಗಿ, ಕೆಮ್ಮಿದಂತೆ ಮಾಡಿ, ನಕ್ಕರು. ಒಬ್ಬ ಮನುಷ್ಯನ ಮಾನ ಒಂದೇ ಗಳಿಗೆಯಲ್ಲಿ ಇಷ್ಟು ಭಾಷೆಗಳಲ್ಲಿ ಹೋದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹಿರಿಯ ಡಾಕ್ಟರು ಬಂದು ಬೊಬ್ಬೆಗಳನ್ನು ಪರೀಕ್ಷಿಸಿ, ಸಿಡುಬಲ್ಲ ಎಂದು ತೀರ್ಪು ಕೊಟ್ಟರು. ವೆಂಕೂಬಾಯಿ ಹೋಗಬಹುದು. ಕೀವು ಸೋರುವ ಮೈಯವನನ್ನು ಮಾತ್ರ ವಾಸಿಯಾಗುವವರೆಗೆ ಹಡಗಿಗೆ ಹತ್ತಿಸುವಂತಿಲ್ಲ.

"ಹೆಂಗಸು ಒಬ್ಬಾಕಿ ಸಮುದ್ರ ದಾಟ್ತೀಯೇನು?" ಎಂದೆ. "ನಡಿ, ಊರಿಗೆ ತಿರುಗಿ ಹೋಗೋಣ. ನಾ ವಾಸಿ ಆದ ಮ್ಯಾಲ ಸಾವಕಾಶ ಬರೋಣಂತ."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರು ಮಾತಾಡಬಹುದಿತ್ತು.

"ಇಷ್ಟು ವರ್ಷ ನೀವು ನಿಲ್ಲು ಅಂದಲ್ಲಿ ನಿಂತೀನ್ರಿ," ಎಂದಳು. "ಇವತ್ತ ನಿಲ್ಲೂದಿಲ್ಲ."

ಅಂಟಿನುಂಡಿಯ ಡಬ್ಬಿ, ಕೂಸಿನ ಬಟ್ಟೆಯ ಗಂಟು, ಇಷ್ಟೇ ಎತ್ತಿಕೊಂಡಳು. ಔಷಧದ ಟ್ರಂಕನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು. "ಇದು ನಿಮಗ ಇರಲಿ." ಲತೀಫಾಳ ಕೈ ಹಿಡಿದು ನಡೆದಳು. ಬಾಗಿಲಿನ ಹತ್ತಿರ ತಿರುಗಿ ನೋಡುತ್ತಾಳೆಂದು ಕಾದೆ. ಲತೀಫಾ ತಿರುಗಿ ನೋಡಿದಳು.

ದವಾಖಾನೆಯ ಮಂಚದಲ್ಲಿ ನನಗೆ ಮೈತುಂಬ ಕೊಬ್ಬರಿ ಎಣ್ಣೆ ಹಚ್ಚಿ ಬಾಳೆ ಎಲೆಯ ಮೇಲೆ ಮಲಗಿಸಿದರು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ನಕಾಶೆಯಲ್ಲಿ ನಾನು ತೋರಿಸುವಷ್ಟು ನೀಲಿಯಾಗಿ ಏನೂ ಇರಲಿಲ್ಲ. ಮಲಗಿದವನಿಗೆ ಬೇರೆ ಕೆಲಸವಿಲ್ಲ. ಸೇರಿಸಿ ಸೇರಿಸಿ ಒಂದು ಯೋಜನೆ ತಯಾರು ಮಾಡಿದೆ. ಬೊಬ್ಬೆ ಒಣಗಿದೊಡನೆ ನಾನೂ ಕೊಲಂಬೋಗೆ ಹೋಗುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಎಲ್ಲರ ಎದುರು ಉದಾರವಾಗಿ ಹೆಂಡತಿಯನ್ನು ಕ್ಷಮಿಸುವುದು.

ಬೊಬ್ಬೆ ಒಣಗಿತು. ಡಾಕ್ಟರು ನಾಳೆಯ ಹಡಗಿಗೆ ಹೋಗಬಹುದು ಎಂದರು. ಅದೇ ಮಧ್ಯಾಹ್ನ, ಸೊಸೆಯನ್ನು ಕೊಲಂಬೋಗೆ ಮುಟ್ಟಿಸಿ ಊರಿಗೆ ಮರಳುತ್ತಿದ್ದ ಶಂಶುದ್ದೀನ್ ಸಾಹೇಬರು ನನ್ನನ್ನು ನೋಡಲು ಬಂದರು.

"ಮುಬಾರಕ್ ಮಾಸ್ತರ್ ಸಾಬ್! ಹೆಣ್ಣು ಕೂಸು. ನಿಮ್ಮ ವೆಂಕೂಬಾಯಿಯವರು ಮನೀಗೆ ಕಾಲಿಟ್ಟ ದಿನಾನ ಹುಟ್ಟೇದ. ತಾಯಿ ಮಗಳು ಇಬ್ಬರೂ ಛಲೋ ಇದ್ದಾರ."

ನನ್ನ ಕಣ್ಣು ತುಂಬಿತು. "ನಾಳೆ ನಾನೂ ಹೊರಟೀನ್ರಿ," ಎಂದೆ.

ಸಾಹೇಬರು ಗಡ್ಡ ನೀವಿಕೊಂಡರು. ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು.

"ಬಾಯಿಯವರು ಒಂದು ಮಾತು ಹೇಳಿ ಕಳಿಸ್ಯಾರ. ಹೇಳಲೇನ್ರಿ?"

"ಹೇಳ್ರಿ."

"ಅವರಿಗೆ ಊರಿಗೆ ಹೋಗ್ಲಿಕ್ಕೆ ಹೇಳ್ರಿ ಅಂದ್ರು. ಇಲ್ಲಿ ಒಂದು ಕೂಸು ಸಂಭಾಳಿಸೂದ ಸಾಕಾಗೇದ, ಎರಡು ನನ್ನಿಂದ ಆಗೂದಿಲ್ಲ ಅಂದ್ರು."

ದವಾಖಾನೆಯ ಆಳು ಟ್ರಂಕು ಎತ್ತಿಕೊಂಡು, ಹಡಗಿಗೋ ರೈಲಿಗೋ ಎಂದು ಕೈಸನ್ನೆಯಲ್ಲಿ ಕೇಳಿದ. ನಾನು ರೈಲಿನ ಕಡೆ ಕೈ ತೋರಿಸಿದೆ.